ಗೂಳಿಗೆ ಹೊಡೆದವನಿಗೆ ಊಟ

ನಮ್ಮ ಮನೆಯ ಖಾತೆ ಹಂಚಿಕೆ ಮದುವೆಯಾದ ವರ್ಷವೇ ಮುಗಿದುಹೋಗಿದೆ. ಹಣಕಾಸು, ಗೃಹ, ಆಹಾರ, ನೀರಾವರಿ, ಬೀಗರೊಂದಿಗಿನ ವಿದೇಶಾಂಗ ವ್ಯವಹಾರ, ಎಲ್ಲವೂ ಹೆಂಡತಿಯ ಕೈಯಲ್ಲಿ. ನನ್ನ ಪಾಲಿಗೆ ಬಂದದ್ದು ಕ್ರೀಡಾ ಖಾತೆ ಒಂದೇ. ಅದರಲ್ಲೂ ಆಡುವ ವಿಭಾಗ ನನ್ನದಲ್ಲ, ಮಾತಾಡುವ ವಿಭಾಗ ಮಾತ್ರ. ನಮ್ಮೂರು ದೇವಣಿಯ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಬೆಳಗಿನ ಪೇಪರಿನ ಆಟದ ಪುಟ ಮೊದಲು ನನ್ನ ಕೈಗೇ ಬರಬೇಕು. ಉದಗೀರ, ನಿಲಂಗಾ ತಾಲೂಕುಗಳು 1956ರಲ್ಲಿ ಬೀದರ ಜಿಲ್ಲೆಯಿಂದ ಕಳಚಿ ಮುಂಬೈ ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಕಡೆಯವರಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪ್ಯಾಟೆಯಲ್ಲಿ ದಖನಿ. ಆದ್ದರಿಂದ ಆಟದ ಪುಟವನ್ನು ನಾನು ಮರಾಠಿಯಲ್ಲಿ ಓದುತ್ತೇನೆ, ಕನ್ನಡದಲ್ಲಿ ವಿವರಿಸುತ್ತೇನೆ, ದಖನಿಯಲ್ಲಿ ಜಗಳಾಡುತ್ತೇನೆ. ಮಾಸ್ತರಿಕೆಯಿಂದ ನಿವೃತ್ತನಾದವನಿಗೆ ಇಷ್ಟು ತರಗತಿಯಾದರೂ ಬೇಡವೇ?

ಈ ಪಾಂಡಿತ್ಯಕ್ಕೆ ನೆಲದ ಬೆಂಬಲವೂ ಇದೆ. ನಮ್ಮದು ಕುಸ್ತಿಯ ಸೀಮೆ. ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದ ಹರಿಶ್ಚಂದ್ರ ಬಿರಾಜದಾರರು 1969ರಲ್ಲಿ ಮಹಾರಾಷ್ಟ್ರ ಕೇಸರಿ ಆದವರು. ಮರುವರ್ಷ ಎಡಿನ್‌ಬರೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬಂಗಾರ ಗೆದ್ದವರು. ಅವರೂ ನಾನೂ ಒಂದೇ ಸೀಮೆಯ ಜೋಳದ ರೊಟ್ಟಿ ಉಂಡವರು. ಅದು ಅವರಲ್ಲಿ ತೋಳಿಗೆ ಹೋಯಿತು, ನನ್ನಲ್ಲಿ ಹೊಟ್ಟೆಗೆ ಇಳಿಯಿತು.

ಎರಡನೆಯ ಹೆಮ್ಮೆ ದನದ್ದು. ದೇವಣಿ ಅಂದರೆ ದೇಶದ ಪಶುವೈದ್ಯರು ನಮ್ಮ ಊರನ್ನು ನೆನೆಯುವುದಿಲ್ಲ, ತಳಿಯನ್ನು ನೆನೆಯುತ್ತಾರೆ. ಗೀರ್ ಮತ್ತು ಡಾಂಗಿ ರಕ್ತ ಇಲ್ಲಿಯ ದನಗಳಲ್ಲಿ ಬೆರೆತು ಮೂಡಿದ ತಳಿ ಅದು. ಹಾಲನ್ನೂ ಕೊಡುತ್ತದೆ, ನೇಗಿಲನ್ನೂ ಎಳೆಯುತ್ತದೆ. ಮೈ ಬಿಳುಪಾಗಿದ್ದು ಮೋರೆ ಅಷ್ಟಿಷ್ಟು ಕಪ್ಪಾದರೆ ವಾನೇರಾ, ಬಿಳುಪೇ ಬಿಳುಪಾದರೆ ಬಾಲಂಕ್ಯಾ, ಬಿಳಿ ಮೈಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆಯಿದ್ದರೆ ಶೇವರಾ. ನಮ್ಮ ಕೊಟ್ಟಿಗೆಯಲ್ಲಿ ಈಗ ಇವು ಯಾವುವೂ ಇಲ್ಲ, ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಆದರೂ ದನದ ಜಾತಿ ಗುರುತಿಸುವ ಕಣ್ಣು ನನಗೆ ಪಿತ್ರಾರ್ಜಿತವಾಗಿ ಬಂದಿದೆ ಎಂದು ನಾನೇ ಸಾರಿಕೊಂಡು ಬಂದಿದ್ದೇನೆ. ಇದಕ್ಕೆ ಈವರೆಗೆ ಯಾರೂ ತಕರಾರು ಅರ್ಜಿ ಕೊಟ್ಟಿರಲಿಲ್ಲ.

ಮಗಳು, ಅಳಿಯ, ಮೊಮ್ಮಗ ಇರುವುದು ಅಮೆರಿಕದ ನಾರ್ತ್ ಕೆರೊಲೈನಾದ ಮೋರಿಸ್‌ವಿಲ್‌ನಲ್ಲಿ. ಸಾಫ್ಟ್‌ವೇರಿನವರು ಕಿಕ್ಕಿರಿದ ಊರು. 2023ರಲ್ಲಿ ಅಮೆರಿಕದ ಮೇಜರ್ ಲೀಗ್ ಕ್ರಿಕೆಟ್ ಮೊದಲ ಸಲ ನಡೆದಾಗ ಪಂದ್ಯಗಳಾದ ಎರಡು ಊರುಗಳಲ್ಲಿ ಇದೂ ಒಂದು. ನಾನೂ ಹೆಂಡತಿಯೂ ಅಲ್ಲಿಗೆ ಹೋದ ಮೇಲೆ ನನ್ನ ಕ್ರೀಡಾ ಖಾತೆಗೆ ಒಳ್ಳೆಯ ದಿನ ಬಂತೆಂದೇ ತಿಳಿದಿದ್ದೆ. ಆದರೆ ಮಗಳ ಯೋಜನೆ ಬೇರೆಯಿತ್ತು.

“ಅಪ್ಪಾ, ಶುಕ್ರವಾರ ಸಂಜಿಗಿ ಡರ್‌ಹಮ್ ಬುಲ್ಸ್ ನೋಡ್ಲಾಕ ಹೋಗಮು.”

“ಎಷ್ಟು ಜೋಡಿ ಕಟ್ಟ್ಯಾರವ್ವ?” ಎಂದಳು ನನ್ನ ಹೆಂಡತಿ.

ಅಳಿಯ ಮಂಡ್ಯದ ಕಡೆಯವರು. ನಮ್ಮ ಮಾತು ಅವರಿಗೆ ಮುಕ್ಕಾಲು ತಿಳಿಯುತ್ತದೆ, ಉಳಿದ ಕಾಲು ಭಾಗಕ್ಕೆ ನಗುತ್ತಾರೆ. ಅವರೇ ಸಮಾಧಾನವಾಗಿ ಹೇಳಿದರು: “ಇಲ್ಲ ಅತ್ತೆ, ಅದು ಬೇಸ್‌ಬಾಲ್ ತಂಡದ ಹೆಸರು. ಮೈನರ್ ಲೀಗು. ಮಂಗಳವಾರದಿಂದ ಭಾನುವಾರದವರೆಗೆ ಆರು ದಿನ ಒಂದೇ ಎದುರಾಳಿ ಜೊತೆ ಆಡ್ತಾರೆ. ಸೋಮವಾರ ರಜಾ.”

“ಸೋಮವಾರ ಹೂಡಲ್ಲೇನು? ಭಕ್ತರು ಅದಾರ ಹಂಗಾರ,” ಎಂದು ಅವಳು ಒಪ್ಪಿಬಿಟ್ಟಳು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಅಮೆರಿಕದವರು ಆ ದಿನ ಬಿಟ್ಟಿರುವುದು ಪ್ರಯಾಣಕ್ಕಾಗಿ ಎಂದು ಅಳಿಯ ವಿವರಿಸಲು ಹೋದರು. ನಾನು ಕಣ್ಸನ್ನೆ ಮಾಡಿ ನಿಲ್ಲಿಸಿದೆ. ಒಪ್ಪಿಕೊಂಡ ಹೆಂಡತಿಗೆ ಹೆಚ್ಚಿನ ಮಾಹಿತಿ ಕೊಡಬಾರದು ಎಂಬುದು ದಾಂಪತ್ಯದಲ್ಲಿ ನಾನು ಕಲಿತ ಪಾಠ.

ಶುಕ್ರವಾರ ಬೆಳಗಿನಿಂದಲೇ ಜಾತ್ರೆಯ ತಯಾರಿ. ಹೆಂಡತಿ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು, ಪುಂಡಿಪಲ್ಯ ಮಾಡಿದಳು, ಎಲ್ಲವನ್ನೂ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು. ಆಟದ ಅಂಗಳದೊಳಗೆ ಗಂಟು ಒಯ್ಯುವುದು ಬೇಡ ಎಂದು ಮಗಳು ಗೋಗರೆದಳು. ಕೊನೆಗೆ ರಾಜಿಯಾದದ್ದು ಕಾರಿನಲ್ಲಿ. ಡರ್‌ಹಮ್ಮಿನ ಪಾರ್ಕಿಂಗ್ ಕಟ್ಟಡದೊಳಗೆ, ಕಾರಿನ ಡಿಕ್ಕಿ ಎತ್ತಿ, ನಾವು ಐವರೂ ನಿಂತುಕೊಂಡೇ ರೊಟ್ಟಿ ಮುಗಿಸಿದೆವು. ಪುಂಡಿಪಲ್ಯದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಅಕ್ಕಪಕ್ಕದ ಕಾರಿನವರು ತಿರುಗಿ ನೋಡಿದರು. ನಾನು ನನ್ನ ತಟ್ಟೆಯನ್ನು ಬಾನೆಟ್ ಮರೆಗೆ ಸರಿಸಿಕೊಂಡೆ. ಹೆಂಡತಿ ಒಬ್ಬ ಬಿಳಿಯ ಮುದುಕಿಗೆ ಅರ್ಧ ರೊಟ್ಟಿ ಕೊಟ್ಟೇಬಿಟ್ಟಳು. ಮುದುಕಿ ತಿಂದಳು, ಹಿಂಡಿಯ ಖಾರಕ್ಕೆ ಕಣ್ಣೊರೆಸಿಕೊಂಡಳು, ಇನ್ನಷ್ಟು ಕೇಳಿದಳು.

ಡರ್‌ಹಮ್ ಹೊಗೆಸೊಪ್ಪಿನಿಂದ ಬೆಳೆದ ಪಟ್ಟಣ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಇಲ್ಲಿಯ ತಂಬಾಕು ‘ಬುಲ್ ಡರ್‌ಹಮ್’ ಎಂಬ ಹೆಸರಿನಲ್ಲಿ ಲೋಕವೆಲ್ಲ ಸುತ್ತಿತು. ಅದರ ಚೀಲದ ಮೇಲಿನ ಗೂಳಿಯನ್ನು ಇಂಗ್ಲೆಂಡಿನ ಒಂದು ಸಾಸಿವೆ ಡಬ್ಬಿಯ ಚಿತ್ರ ನೋಡಿ ತೆಗೆದುಕೊಂಡರೆಂಬ ಕಥೆಯಿದೆ. ಬೇಸ್‌ಬಾಲ್ ತಂಡ 1902ರಲ್ಲಿ ಹುಟ್ಟಿದಾಗ ಅದರ ಹೆಸರೇ ತಂಬಾಕಿನವರು ಎಂದಿತ್ತು, ಗೂಳಿಯ ಹೆಸರು ಆಮೇಲೆ ಬಂದದ್ದು. 1995ರಲ್ಲಿ ತೆರೆದ ಈಗಿನ ಅಂಗಳದ ಪಕ್ಕದಲ್ಲೇ ಅಮೆರಿಕನ್ ಟೊಬ್ಯಾಕೊ ಕಂಪನಿಯ ಹಳೆಯ ಕೆಂಪು ಇಟ್ಟಿಗೆಯ ಕಾರ್ಖಾನೆ, ಆಕಾಶಕ್ಕೆ ಎದ್ದ ಹೊಗೆಕೊಳವೆ. ಒಳಗೆ ಈಗ ಕಚೇರಿಗಳು, ಹೋಟೆಲುಗಳು.

ಆ ಹೊಗೆಕೊಳವೆ ನೋಡಿ ನನ್ನ ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಯಿತು. ಕಿಸೆ ಖಾಲಿ. ನನ್ನ ತಂಬಾಕು ಸುಣ್ಣದ ಡಬ್ಬಿ ಹೈದರಾಬಾದ್ ವಿಮಾನ ನಿಲ್ದಾಣದಲ್ಲೇ ಗೃಹಖಾತೆಯಿಂದ ಜಪ್ತಿಯಾಗಿತ್ತು. ಒಳಗೆ ಹೋಗಿ ಕೂತರೆ ಆಟಗಾರರೆಲ್ಲ ಏನೋ ಜಗಿದು ಪಿಚಕ್ಕನೆ ಉಗುಳುತ್ತಿದ್ದಾರೆ! ನನಗೆ ತವರಿಗೆ ಬಂದಷ್ಟು ಸಂತೋಷ. “ನೋಡು, ಆಟಕ್ಕೂ ತಂಬಾಕಿಗೂ ಹ್ಯಾಂಗ ನಂಟು ಅದಾ,” ಎಂದೆ. ಅಳಿಯ ತಡವರಿಸುತ್ತ ಹೇಳಿದರು: “ಮಾವ, ಮೈನರ್ ಲೀಗಲ್ಲಿ ತಂಬಾಕನ್ನ 1993ರಲ್ಲೇ ನಿಷೇಧಿಸಿದ್ದಾರೆ. ಅವರು ಜಗೀತಿರೋದು ಸೂರ್ಯಕಾಂತಿ ಬೀಜ.” ಹೆಂಡತಿ ನನ್ನ ಕಡೆ ತಿರುಗಿ ನೋಡಲೂ ಇಲ್ಲ. “ಕೇಳಿದ್ರಿಲ್ಲ?” ಎಂದಳು ಅಷ್ಟೆ. ಲಾತೂರು, ಉದಗೀರದ ಮೊಂಡಾ ಮಾರುಕಟ್ಟೆಯಲ್ಲಿ ಚೀಲಗಟ್ಟಲೆ ಸೂರ್ಯಕಾಂತಿ ಕಂಡವನು ನಾನು. ಅದನ್ನು ಎಣ್ಣೆ ತೆಗೆಯದೆ ಹೀಗೆ ಉಗುಳಿ ಹಾಳು ಮಾಡುವುದು ನೋಡಿ ಹೊಟ್ಟೆ ಉರಿಯಿತು.

ರಾಷ್ಟ್ರಗೀತೆಯ ಹೊತ್ತಿಗೆ ಇನ್ನೊಂದು ಸಂಕಟ. ನಾನು ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆಯಲ್ಲಿ ಹೋಗಿದ್ದೆ. ಟೊಪ್ಪಿಗೆಯ ಮೇಲೆಯೇ ಮೊಮ್ಮಗ ಗೂಳಿ ಚಿತ್ರದ ಕ್ಯಾಪು ಒತ್ತಿದ್ದ. ಹತ್ತು ಸಾವಿರ ಜನ ಕೂರಬಲ್ಲ ಆ ಅಂಗಳದಲ್ಲಿ ಎಲ್ಲರೂ ಎದ್ದು ತಲೆಯ ಮೇಲಿನದನ್ನು ತೆಗೆದರು. ನಮ್ಮಲ್ಲಿ ಹಿರಿಯರ ಮುಂದೆ, ದೇವರ ಮುಂದೆ ಬೋಳುದಲೆಯಲ್ಲಿ ನಿಂತರೆ ಅಪಮಾನ. ಇವರಲ್ಲಿ ತಲೆ ಮುಚ್ಚಿ ನಿಂತರೆ ಅಪಮಾನ. ನಾನು ಮೇಲಿನ ಕ್ಯಾಪು ತೆಗೆದು ಎದೆಗೆ ಹಿಡಿದೆ, ಒಳಗಿನ ಟೊಪ್ಪಿಗೆ ಬಿಟ್ಟೆ. ಅಮೆರಿಕಕ್ಕೂ ಮರ್ಯಾದೆ, ದೇವಣಿಗೂ ಮರ್ಯಾದೆ. ಇಡೀ ಸಂಜೆಯಲ್ಲಿ ನನ್ನ ಬುದ್ಧಿ ಕೆಲಸ ಮಾಡಿದ್ದು ಆ ಒಂದು ಸಲ.

ಎಡಗಡೆ ಅಂಗಳದಾಚೆ ನೀಲಿ ಗೋಡೆ, ಸುಮಾರು 32 ಅಡಿ ಎತ್ತರದ್ದು. ಅದರ ಮೇಲೆ ಭಾರೀ ಗೂಳಿಯ ಫಲಕ. ನಾನು ಕನ್ನಡಕ ಒರೆಸಿಕೊಂಡು ಪರೀಕ್ಷಿಸಿದೆ. ಹೆಗಲ ಮೇಲೆ ಡುಬ್ಬವಿಲ್ಲ, ಗಂಗೆದೊಗಲು ನೆಟ್ಟಗಿಲ್ಲ. ವಾನೇರಾ ಅಲ್ಲ, ಬಾಲಂಕ್ಯಾ ಅಲ್ಲ, ಶೇವರಾ ಅಂತೂ ಅಲ್ಲವೇ ಅಲ್ಲ. “ಇದು ಹಾಲಿಗೂ ಬರೂದಿಲ್ಲ, ನೇಗಿಲಿಗೂ ಬರೂದಿಲ್ಲ,” ಎಂದು ತೀರ್ಪು ಕೊಟ್ಟೆ. “ಹಲಗಿ ಅದಾ ಅದು,” ಎಂದಳು ಹೆಂಡತಿ.

ಫಲಕದ ಹಿಂದೆ ಸಿನಿಮಾ ಕಥೆಯಿದೆ. 1988ರಲ್ಲಿ ತೆರೆಕಂಡ ‘ಬುಲ್ ಡರ್‌ಹಮ್’ ಎಂಬ ಚಿತ್ರ ತೆಗೆದಾಗ ಊರಿನ ಹಳೆಯ ಅಂಗಳದಲ್ಲಿ ಶೂಟಿಂಗಿಗೆಂದು ಇಂಥ ಒಂದು ಗೂಳಿ ನಿಲ್ಲಿಸಿದರು. ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ ಹೊಸ ಅಂಗಳಕ್ಕೂ ಒಂದು ಬಂತು. ಊರಿನ ತಂಡದವನು ಹೋಮ್ ರನ್ ಹೊಡೆದರೆ ಅದರ ಕಣ್ಣು ಕೆಂಪಾಗುತ್ತದೆ, ಮೂಗಿನಿಂದ ಹೊಗೆ ಬರುತ್ತದೆ, ಬಾಲ ಅಲ್ಲಾಡುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅದರ ಮೈಮೇಲಿನ ಬರಹ ಏನೆಂದು ಹೆಂಡತಿ ಕೇಳಿದಳು, ನನ್ನೊಳಗಿನ ಮಾಸ್ತರ ಎದ್ದು ನಿಂತ.

“ಚೆಂಡು ಗೂಳಿಗೆ ಬಡದ್ರ ಹೊಡೆದವಗ ಊಟಾ ಬಹುಮಾನ.”

“ಏನ್ ಊಟಾ?”

ಮಗಳು ನನ್ನ ಕಾಲು ತುಳಿದಳು. ತಡವಾಗಿತ್ತು. ನಾನು ಆಗಲೇ ವಿವರಿಸಿಬಿಟ್ಟಿದ್ದೆ: ಗೂಳಿಗೆ ಹೊಡೆದವನಿಗೆ ಗೂಳಿಯದ್ದೇ ಊಟ!

ಹೆಂಡತಿ ಎರಡೂ ಕಿವಿ ಮುಟ್ಟಿಕೊಂಡಳು. ನಮ್ಮದು ಬಸವಣ್ಣನ ಒಕ್ಕಲು. ಪೋಳಾ ದಿನ ಎತ್ತಿನ ಪಾದ ತೊಳೆದು, ಹೋಳಿಗೆ ಉಣ್ಣಿಸಿ, ಆಮೇಲೆ ಮನೆಯವರು ಉಣ್ಣುವ ಮನೆ. ಅಳಿಯ ಗಾಬರಿಯಿಂದ ತಿಪ್ಪೆ ಸಾರಿಸಿದರು: “ಅತ್ತೆ, ಕೆಳಗೆ ನೋಡಿ, ಚಿತ್ರದಲ್ಲಿರೋ ಹುಲ್ಲಿಗೆ ತಾಗಿದರೆ ಸೊಪ್ಪು, ತರಕಾರಿ ಊಟ ಅಂತಲೂ ಇದೆ!” ಅದು ನಿಜ, ಹಾಗೆಯೇ ಬರೆದಿದೆ. ಆದರೆ ಅವಳು ಅಷ್ಟರಲ್ಲಿ ಪಕ್ಷ ಬದಲಿಸಿಯಾಗಿತ್ತು. ಅಲ್ಲಿಂದ ಮುಂದೆ ಊರಿನ ತಂಡದವನು ಬ್ಯಾಟು ಹಿಡಿದು ಬಂದಾಗಲೆಲ್ಲ “ಬಸವಣ್ಣಾ, ಕಾಪಾಡಪ್ಪಾ,” ಎಂದು ಕೈ ಮುಗಿಯುವಳು. ಅವನು ಔಟಾದರೆ ಚಪ್ಪಾಳೆ ತಟ್ಟುವಳು. ಸುತ್ತ ಗೂಳಿ ಕ್ಯಾಪಿನ ಸಾವಿರಾರು ಜನ ಮೌನವಾಗಿದ್ದಾಗ ಇಳಕಲ್ ಸೀರೆಯ ಒಬ್ಬಳದೇ ಚಪ್ಪಾಳೆ. ಮಗಳು ಮುಖಕ್ಕೆ ಪಾಪ್‌ಕಾರ್ನ್ ಡಬ್ಬಿ ಅಡ್ಡ ಹಿಡಿದಳು. ನಮ್ಮನ್ನು ಎದುರಾಳಿ ತಂಡದ ದೂರದೂರಿನ ಅಭಿಮಾನಿಗಳೆಂದು ತಿಳಿದು ಹಿಂದಿನ ಸಾಲಿನವನು ಗೌರವದಿಂದ ತಲೆ ಬಾಗಿಸಿದ.

ಇತ್ತ ನನ್ನ ಪಾಠ ನಡೆದೇ ಇತ್ತು. “ಇದು ಕ್ರಿಕೆಟ್ಟಿನ ತಮ್ಮ,” ಎಂದು ಶುರುಮಾಡಿದೆ. ಬ್ಯಾಟಿನವನು ಚೆಂಡು ಹೊಡೆದು ಬ್ಯಾಟು ಬಿಸಾಕಿ ಓಡಿದ. “ಬ್ಯಾಟ್ ಒಗದನಲ್ರೀ?” ಎಂದಳು. ಮುಂದಿನವನು ಚೆಂಡು ಮುಟ್ಟಲೇ ಇಲ್ಲ, ಆದರೂ ನಡೆದುಕೊಂಡು ಮೊದಲ ಬೇಸಿಗೆ ಹೋದ. “ಹೊಡಿಲಾರದ ಹ್ಯಾಂಗ ಹೋದ?” ಎಂದಳು. ನಾಲ್ಕು ಎಸೆತ ತಪ್ಪು ಜಾಗಕ್ಕೆ ಬಿದ್ದರೆ ಪುಕ್ಕಟೆ ನಡಿಗೆ ಎಂದು ಅಳಿಯ ಹೇಳಿದರು. ಅಲ್ಲಿಂದ ಅವನೇ ಎಸೆತದ ನಡುವೆ ಕಳ್ಳಹೆಜ್ಜೆ ಹಾಕಿ ಎರಡನೆಯ ಬೇಸಿಗೆ ಹಾರಿದ. ಅದು ಕಳವು, ಆದರೆ ಕಾನೂನುಬದ್ಧ. ಲೆಕ್ಕದ ಪುಸ್ತಕದಲ್ಲಿ ಕಳ್ಳನ ಹೆಸರಿಗೇ ಜಮಾ. ನಾನು ಮೂರು ವಿವರಣೆ ಕೊಟ್ಟೆ, ಅಳಿಯ ಮೂರನ್ನೂ ಬಹಳ ವಿನಯದಿಂದ ತಿದ್ದಿದರು. ವಿನಯವಿರುವ ಅಳಿಯನಷ್ಟು ಅಪಾಯಕಾರಿ ಪ್ರಾಣಿ ಇನ್ನೊಂದಿಲ್ಲ, ಜಗಳಕ್ಕೂ ಸಿಕ್ಕುವುದಿಲ್ಲ.

ಎಸೆಯುವವನಿಗೆ ಒಂದು ಗಡಿಯಾರ ಹಚ್ಚಿದ್ದರು. ಅದು ಮುಗಿಯುವುದರೊಳಗೆ ಅವನು ಎಸೆಯಬೇಕು, ಇಲ್ಲದಿದ್ದರೆ ದಂಡ. ಇಂಥ ಹೊಸ ನಿಯಮಗಳನ್ನು ಮೊದಲು ಮೈನರ್ ಲೀಗಿನ ಮೇಲೆ ಪ್ರಯೋಗ ಮಾಡಿ ನೋಡುತ್ತಾರೆ. ಈ ಗಡಿಯಾರ ದೊಡ್ಡ ಲೀಗಿಗೆ ಹೋದದ್ದು 2023ರಲ್ಲಿ. ಬೇಸುಗಳು ಖಾಲಿಯಿದ್ದರೆ ಅಲ್ಲಿ 15 ಸೆಕೆಂಡು. “ಇಂಥಾದೊಂದು ನಮ್ಮ ಮನಿಗಿ ತಗೊಂಡು ಹೋಗಮು,” ಎಂದಳು ಹೆಂಡತಿ. “ನಿಮ್ಮಪ್ಪ ಮಾತಿಗಿ ಕುಂತಾಗ ಗ್ವಾಡಿಗಿ ಹಾಕ್ಲಾಕ.”

ನನ್ನ ಖಾತೆ ಕೈಬಿಟ್ಟದ್ದು ಐದನೆಯ ಇನ್ನಿಂಗ್ಸಿನಲ್ಲಿ. ಊರಿನ ತಂಡದ ಎಸೆಗಾರ ಅಷ್ಟೊತ್ತು ಚೆನ್ನಾಗಿಯೇ ಎಸೆದಿದ್ದ. ನಾನು “ಭಾರೀ ಹುಡುಗ, ಇವನ್ನ ಯಾರೂ ಮುಟ್ಟಲ್ಲ” ಎಂದು ಪ್ರಮಾಣಪತ್ರ ಕೊಟ್ಟ ಹೊತ್ತಿಗೆ ಹೆಂಡತಿ ಮೆಲ್ಲಗೆ ಅಂದಳು: “ಅವನ ಕೈ ಸೋತದ. ಮೊಣಕೈ ಕೆಳಗ ಇಳದದ ನೋಡ್ರಿ. ಬ್ಯಾಗ ಬಿಡ್ಲತ್ಯಾನ, ಮ್ಯಾಲ ಹೋಗ್ಲತ್ತದ.”

ನಾನು ನಕ್ಕೆ. ಮುಂದಿನ ಆಟಗಾರನಿಗೆ ನಾಲ್ಕು ಚೆಂಡು ಎದೆಯ ಮೇಲೆಯೇ ಹೋದವು, ಪುಕ್ಕಟೆ ನಡಿಗೆ. ಅದರ ಮುಂದಿನವನಿಗೂ ಅದೇ. ಒಳಗಿನಿಂದ ತರಬೇತುದಾರ ನಿಧಾನವಾಗಿ ನಡೆದು ಬಂದು, ಎಸೆಗಾರನ ಕೈಯಿಂದ ಚೆಂಡು ಇಸಿದುಕೊಂಡು, ಬೆನ್ನು ತಟ್ಟಿ ಹೊರಗೆ ಕಳಿಸಿದ. ಅಳಿಯ ತಮ್ಮ ಕುರ್ಚಿ ಬಿಟ್ಟೆದ್ದು, ನನ್ನನ್ನು ದಾಟಿ, ಅತ್ತೆಯ ಆಚೆ ಬದಿಗೆ ಹೋಗಿ ಕೂತರು.

ಈ ಜ್ಞಾನ ಎಲ್ಲಿಯದೆಂದರೆ ಕವಣೆಯದು. ಅವಳ ತವರು ಉದಗೀರದ ಕಡೆಯ ಹಳ್ಳಿ. ಹಿಂಗಾರಿ ಜೋಳ ಹಾಲುಗಾಳಾದಾಗ ಹಕ್ಕಿ ಕಾಯುವ ಕೆಲಸ ಮನೆಯ ಹುಡುಗಿಯರದು. ಹೊಲದ ನಡುವೆ ನಾಲ್ಕು ಗೂಟದ ಮೇಲೆ ಅಟ್ಟಣೆ. ಅದರ ಮೇಲೆ ನಿಂತು, ಹಗ್ಗದ ನಡುವಿನ ಜಾಳಿಗೆಗೆ ಕಲ್ಲಿಟ್ಟು, ತಲೆಯ ಮೇಲೆ ಗರಗರ ತಿರುಗಿಸಿ ಒಂದು ಎಳೆ ಬಿಡಬೇಕು. ಎಳೆ ಒಂದು ಚೂರು ಬೇಗ ಬಿಟ್ಟರೂ ತಡವಾಗಿ ಬಿಟ್ಟರೂ ಕಲ್ಲು ಬಯಸಿದ ಕಡೆ ಹೋಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ತೋಳು ಸೋತರೆ ಹಕ್ಕಿಗಳಿಗೇ ಮೊದಲು ತಿಳಿಯುತ್ತದೆ. ದಿಬ್ಬದಿಂದ ಬ್ಯಾಟಿನವನ ಮುಂದಿನ ಫಲಕಕ್ಕೆ 60 ಅಡಿ 6 ಅಂಗುಲ ದೂರ ಎಂದು ಅಳಿಯ ಹೇಳಿದಾಗ ಅವಳು, “ಅಷ್ಟೇನಾ? ನಾವು ಹೊಲದ ಬದುವಿನ ತನಕ ಒಗೀತಿದ್ದೆವು,” ಎಂದಳು. ಇಷ್ಟು ವರ್ಷ ಸಂಸಾರ ಮಾಡಿದರೂ ಅವಳು ಕವಣೆ ಬೀಸಿದವಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೆಲವು ಮಾತು ಇನ್ನೂ ದೂರ ನಿಂತು ಆಡುತ್ತಿದ್ದೆ.

ಅಷ್ಟರಲ್ಲಿ ಒಂದು ಚೆಂಡು ಬ್ಯಾಟಿನ ಅಂಚಿಗೆ ತಾಗಿ, ಬಲೆಯನ್ನು ದಾಟಿ ನಮ್ಮ ಕಡೆಗೇ ಬಂತು. ಕ್ರೀಡಾ ಪಂಡಿತನಾದ ನಾನು ಎರಡೂ ಕಾಲು ಮೇಲೆತ್ತಿ, ಚೀಸ್ ಸುರಿದ ನಾಚೋಸ್ ತಟ್ಟೆಯನ್ನು ತಲೆಗೆ ರಕ್ಷಣೆ ಹಿಡಿದೆ. ಚೆಂಡು ಮೆಟ್ಟಿಲಿಗೆ ಬಡಿದು, ಉರುಳಿ, ಅವಳ ಚಪ್ಪಲಿಗೆ ಬಂದು ನಿಂತಿತು. ಎತ್ತಿಕೊಂಡು ವಾಪಸ್ ಎಸೆಯಲು ಸೆರಗು ಸಿಕ್ಕಿಸಿದಳು. ಅವಳ ತೋಳಿನ ಬಗ್ಗೆ ಈಗ ತಿಳಿದಿದ್ದ ಅಳಿಯ ಎರಡೂ ಕೈ ಅಡ್ಡ ಹಿಡಿದು, “ಅತ್ತೆ, ಬೇಡ! ಸಿಕ್ಕಿದವರೇ ಇಟ್ಟುಕೊಳ್ಳೋದು ಇಲ್ಲಿಯ ಪದ್ಧತಿ,” ಎಂದರು.

“ಫುಕಟ?”

“ಫುಕಟ.”

ಅವಳು ಕೂತು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಿಳಿ ತೊಗಲು, ಕೆಂಪು ದಾರದ ಜೋಡಿ ಹೊಲಿಗೆ. ನಾನು ನಾಚೋಸಿನ ಚೀಸನ್ನು ಟೊಪ್ಪಿಗೆಯಿಂದ ಒರೆಸಿಕೊಳ್ಳುವಷ್ಟರಲ್ಲಿ ಅವಳ ಹೆಬ್ಬೆರಳು ಒಂದೊಂದೇ ಹೊಲಿಗೆಯ ಮೇಲೆ ಸರಿಯುತ್ತ ಎಣಿಕೆ ಮುಗಿಸಿತು. ನೂರಾ ಎಂಟು. ಬೇಸ್‌ಬಾಲಿಗೆ ಇರುವುದು ಅಷ್ಟೇ, 108 ಜೋಡಿ ಹೊಲಿಗೆ. ಜಪಮಾಲೆಯ ಲೆಕ್ಕ ಸರಿಹೊಂದಿದ್ದರಿಂದ ಆಟಕ್ಕೆ ಅವಳ ದೃಷ್ಟಿಯಲ್ಲಿ ಮಡಿ ಬಂತು. ಆಮೇಲೆ ಮೂಗಿಗೆ ಹಿಡಿದು, “ಮಣ್ಣು ಹಚ್ಚ್ಯಾರ,” ಎಂದಳು. ಅದೂ ನಿಜ. ಹೊಸ ಚೆಂಡಿನ ನುಣುಪು ಹೋಗಲೆಂದು ಡೆಲವೇರ್ ನದಿಯ ಉಪನದಿಯೊಂದರ ದಂಡೆಯಿಂದ ತೆಗೆದ ನಯವಾದ ಕೆಸರನ್ನು ಅಮೆರಿಕದ ದೊಡ್ಡ ಲೀಗಿನ ಚೆಂಡುಗಳಿಗೆಲ್ಲ ತಿಕ್ಕುತ್ತಾರೆ. ಸಣ್ಣ ಲೀಗುಗಳಲ್ಲೂ ಆ ಕೆಸರಿನ ಬಳಕೆಯಿದೆ. ಮಣ್ಣಿನ ಮಾತು ಬಂದದ್ದೇ ತಡ, ನಮ್ಮ ತಾಲೀಮಿನ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣ, ನಿಂಬೆಹುಳಿ ಹಾಕಿ ಹದ ಮಾಡುವ ಕ್ರಮವನ್ನು ನಾನು ವಿವರಿಸತೊಡಗಿದೆ. ಹೆಂಡತಿ ಎಸೆಗಾರನ ಗಡಿಯಾರದ ಕಡೆ ಬೆರಳು ತೋರಿಸಿದಳು.

ಏಳನೆಯ ಇನ್ನಿಂಗ್ಸಿನ ನಡುವೆ ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ಮೈಮುರಿದು ಹಾಡತೊಡಗಿದರು. ಆ ಹಾಡು 1908ರದು, ಬೇಸ್‌ಬಾಲಿನ ಜನಗೀತೆ. ಬರೆದ ಜ್ಯಾಕ್ ನಾರ್ವರ್ತ್ ಅದನ್ನು ಬರೆಯುವ ಹೊತ್ತಿಗೆ ಲೀಗಿನ ಒಂದು ಪಂದ್ಯವನ್ನೂ ನೋಡಿರಲಿಲ್ಲವಂತೆ. ಇದನ್ನು ಕೇಳಿ ನನಗೆ ಆದ ಆನಂದ ಹೇಳತೀರದು. ನೋಡದೆಯೇ ಬಲ್ಲವರ ಕುಲ ದೊಡ್ಡದು, ಹಳೆಯದು, ಎರಡೂ ಖಂಡಗಳಲ್ಲಿ ಹಬ್ಬಿದ್ದು.

ಆಟ ಮುಗಿಯುವ ಹೊತ್ತಿಗೆ ಅಳಿಯ ಈ ಲೀಗಿನ ಏಣಿಯನ್ನು ತಿಳಿಸಿದರು. ದೊಡ್ಡ ಲೀಗಿನ 30 ತಂಡಗಳಿಗೆ ನಾಲ್ಕು ಮೆಟ್ಟಿಲಿನಂತೆ ಸಣ್ಣ ಊರುಗಳಲ್ಲಿ 120 ತಂಡಗಳು. ಡರ್‌ಹಮ್ ಮೇಲಿನ ಮೆಟ್ಟಿಲು, ಟ್ರಿಪಲ್-ಎ. 1998ರಿಂದ ಇದು ಟ್ಯಾಂಪಾ ಬೇ ರೇಸ್ ತಂಡದ ಕೈಕೆಳಗೆ. ಇಲ್ಲಿ ಚೆನ್ನಾಗಿ ಆಡಿದವನಿಗೆ ಒಂದು ದಿನ ಫೋನು ಬರುತ್ತದೆ, ಅವನು ಗಂಟು ಕಟ್ಟಿ ಹೊರಡುತ್ತಾನೆ. ನಮ್ಮ ದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಭರ್ಜಿ ಎಸೆಯುವ ಹುಡುಗರು 2008ರಲ್ಲಿ ಟಿವಿ ಸ್ಪರ್ಧೆಯಲ್ಲಿ ಕಣ್ಣಿಗೆ ಬಿದ್ದು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಮೈನರ್ ಲೀಗ್ ಸೇರಿದ್ದರು. ದೊಡ್ಡ ಲೀಗಿನ ಫೋನು ಅವರಿಗೆ ಬರಲಿಲ್ಲ. ರಿಂಕು ಆಮೇಲೆ ಡಬ್ಲ್ಯೂಡಬ್ಲ್ಯೂಇ ಕುಸ್ತಿಗೆ ಹೋದ. “ಕಡೀಕ ಕುಸ್ತಿಗೇ ಬಂದನಲ್ಲ!” ಎಂದು ನಾನು ತೊಡೆ ತಟ್ಟಿದೆ.

ನಮ್ಮ ಜಾತ್ರೆಯಲ್ಲಿ ಈ ಏಣಿಯ ಎಲ್ಲ ಮೆಟ್ಟಿಲೂ ಒಂದೇ ಮಧ್ಯಾಹ್ನ ಸಿಗುತ್ತವೆ. ಬಿಸಿಲಿಗೆ ಮೊದಲು ಚಿಣ್ಣರು ರೇವಡಿಗಾಗಿ, ತೆಂಗಿನಕಾಯಿಗಾಗಿ ಲಂಗೋಟಿ ಕಟ್ಟುತ್ತಾರೆ. ಆಮೇಲೆ ನೂರರ ಕುಸ್ತಿ, ಐನೂರರ ಕುಸ್ತಿ. ಹೊತ್ತು ಮುಳುಗುವಾಗ ಹಲಗೆಯ ಸಪ್ಪಳದಲ್ಲಿ ಕೊನೆಯ ಕುಸ್ತಿ. ರೇವಡಿಗೆ ಸೆಣಸುವ ಹುಡುಗರಲ್ಲಿ ಯಾರು ನಾಳೆ ಕೇಸರಿಯಾಗುತ್ತಾರೋ ಯಾರಿಗೆ ಗೊತ್ತು? ಗೊತ್ತಾಗುವ ಹೊತ್ತಿಗೆ ಅವರು ಊರಲ್ಲಿರುವುದಿಲ್ಲ. ಹರಿಶ್ಚಂದ್ರ ಬಿರಾಜದಾರರೂ ಪುಣೆಯ ತಾಲೀಮಿನಲ್ಲಿ ನೆಲೆಸಿದವರೇ. ನಮ್ಮ ಮಗಳೂ ಅಷ್ಟೆ. ದೇವಣಿಯ ಶಾಲೆ, ಉದಗೀರದ ಕಾಲೇಜು, ಪುಣೆಯ ಇಂಜಿನಿಯರಿಂಗ್, ಆಮೇಲೆ ಫೋನು ಬಂತು. ಸಣ್ಣ ಊರಿನವರ ಪಾಲಿಗೆ ಬರುವುದು ಏಣಿ ಹಿಡಿದು ನಿಲ್ಲುವ ಕೆಲಸ ಮತ್ತು ಚಪ್ಪಾಳೆ. ಈ ಮಾತನ್ನು ನಾನು ಕಾರಿನಲ್ಲಿ ಗಂಭೀರವಾಗಿ ಹೇಳಿದಾಗ ಹೆಂಡತಿ, “ಏಣಿ ಹಿಡಿದವಳು ನಾನು. ಚಪ್ಪಾಳಿ ನಿಮ್ಮದು,” ಎಂದಳು. ಮಗಳು ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕಳು.

ಹೌದು, ಫಲಿತಾಂಶ. ಊರಿನ ತಂಡ ಸೋತಿತು. ಗೂಳಿಗೆ ಚೆಂಡು ತಾಗಲಿಲ್ಲ. ಒಂದು ಮಾತ್ರ ನೀಲಿ ಗೋಡೆಗೆ ಬಡಿದು ಕೆಳಗೆ ಬಿತ್ತು, ಆಗ ಅವಳು ಬಸವಣ್ಣನಿಗೆ ಒಂದು ಕಾಯಿ ಹರಕೆ ಹೊತ್ತಳು. ಸೋತ ಮೇಲೂ ಜನ ಎದ್ದು ಹೋಗಲಿಲ್ಲ. ಬಾಣಬಿರುಸು ನೋಡಿದರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತ ಹೊರಟರು. ರೊಟ್ಟಿ ತಿಂದ ಮುದುಕಿ ದೂರದಿಂದ ಕೈ ಬೀಸಿದಳು.

ದೇವಣಿಗೆ ಮರಳಿದ ಮೇಲೆ ಕ್ರೀಡಾ ಖಾತೆಯೂ ಹೆಂಡತಿಗೆ ವರ್ಗವಾಗಿದೆ. ಈಗ ನಾನು ಖಾತೆಯಿಲ್ಲದ ಮಂತ್ರಿ. ಆದರೆ ಅಧಿಕಾರ ಕಳಕೊಂಡವನಿಗೆ ನಿಜ ಹೇಳುವ ಸ್ವಾತಂತ್ರ್ಯ ಇರುತ್ತದೆ. ನಮ್ಮ ಕಡೆಯ ಕುಸ್ತಿ ಮೈದಾನದ ಸುತ್ತ ಹೆಂಗಸರು ಕಾಣುವುದಿಲ್ಲ. ಪೈಲ್ವಾನನ ಖುರಾಕಿಗೆ ಬಾದಾಮಿ ಅರೆಯುವವಳು ತಾಯಿ, ಹಾಲು ಕಾಸುವವಳು ತಾಯಿ, ಮೈ ಉಳುಕಿದರೆ ಶಾಖ ಕೊಡುವವಳು ತಾಯಿ. ಮಗ ಎದುರಾಳಿಯನ್ನು ಚಿತ್ ಮಾಡುವುದನ್ನು ಮಾತ್ರ ಅವಳು ಪರರ ಬಾಯಲ್ಲಿ ಕೇಳಬೇಕು. ಹುಡುಗಿಯರು ಅಖಾಡಕ್ಕೇ ಇಳಿದಿದ್ದಾರೆ. 2023ರಲ್ಲಿ ಸಾಂಗಲಿಯಲ್ಲಿ ಪ್ರತೀಕ್ಷಾ ಬಾಗಡಿ ಮೊದಲ ಮಹಿಳಾ ಮಹಾರಾಷ್ಟ್ರ ಕೇಸರಿ ಆಗಿದ್ದಾಳೆ. ನೋಡುವ ಸಾಲಿನಲ್ಲಿ ಮಾತ್ರ ಇನ್ನೂ ಬರೀ ಟೊಪ್ಪಿಗೆ, ಫೇಟಾಗಳೇ.

ಆದ್ದರಿಂದ ನಮ್ಮ ಸುತ್ತಿನ ಜಾತ್ರಾ ಕಮಿಟಿಯ ಪಂಚರಲ್ಲಿ ಒಂದು ಅರಿಕೆ: ಮುಂದಿನ ಕುಸ್ತಿಗೆ ಮುಂದಿನ ಸಾಲು ಹೆಂಗಸರಿಗೆ ಬಿಡಿ, ತಟ್ಟು ಹಾಸಿ, ಕುಡಿಯುವ ನೀರು ಇಡಿ. ಓದುಗ ಗಂಡಸರಲ್ಲಿ ಇನ್ನೊಂದು ಅರಿಕೆ: ನಿಮ್ಮೂರ ಆಟ ಯಾವುದೇ ಇರಲಿ, ಕುಸ್ತಿ, ಕಬಡ್ಡಿ, ಟೆನ್ನಿಸ್ ಬಾಲಿನ ಕ್ರಿಕೆಟ್, ಒಂದು ಸಂಜೆ ಮನೆಯವರನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂಡಿ. ನಡುನಡುವೆ ಬಾಯಿ ಮುಚ್ಚಿಕೊಳ್ಳಿ. ಆಟ ಎಷ್ಟೋ ಚೆನ್ನಾಗಿ ಅರ್ಥವಾಗುತ್ತದೆ.